ಮೂರನೆಯ ಫ್ಲೈವೀಲ್

ಕಾರಿನ ನೆಲದಲ್ಲಿ ಊಟದ ತಟ್ಟೆಯಷ್ಟು ಅಗಲದ ತೂತು. ತಗಡು ಕೆಳಗಿನಿಂದ ಮೇಲಕ್ಕೆ ಸೀಳಿತ್ತು. ಕ್ಲಚ್ ಪೆಡಲು ಬುಡಸಮೇತ ಕಿತ್ತುಹೋಗಿತ್ತು. ಅದರ ಪಕ್ಕದಲ್ಲಿ ಎಡಗಾಲಿನ ಬೂಟು ಒಂದೇ ಬಿದ್ದಿತ್ತು. ಬೂಟಿಗೆ ಮುಂಭಾಗವಿರಲಿಲ್ಲ.

ಬೆಳಗಿನ ಒಂಬತ್ತು ಗಂಟೆ. ಬಳಕೆ ತಪ್ಪಿದ ವಿಮಾನನಿಲ್ದಾಣದ ಓಡುಹಾದಿ. ಹಳೆಯ ಸ್ಪೋರ್ಟ್ಸ್ ಕಾರುಗಳ ಮೋಹವಿದ್ದವರು ಅಲ್ಲಿ ವೇಗ ಪರೀಕ್ಷಿಸಿಕೊಳ್ಳುತ್ತಿದ್ದರು. ಕಾರಿನ ಯಜಮಾನ, ಹಲ್ಲಿನ ಡಾಕ್ಟರು, ಆಗಲೇ ಆಸ್ಪತ್ರೆ ಸೇರಿದ್ದರು. ಜೀವಕ್ಕೆ ಅಪಾಯವಿಲ್ಲ, ಪಾದ ಉಳಿಯುವುದಿಲ್ಲ ಎಂದು ಫೋನು ಬಂದಿತ್ತು.

ಇನ್ಸ್‌ಪೆಕ್ಟರ್ ಮಂಡಿಯೂರಿ ತೂತಿನೊಳಗೆ ಇಣುಕಿದಳು. ಮನೆಯಲ್ಲಿ ಹಾಲು ಒಡೆದರೂ ಯಾರ ಕೈವಾಡ ಎಂದು ಕೇಳುವವಳು ಎಂದು ಅವಳ ಗಂಡ ಆಡಿಕೊಳ್ಳುವುದಿತ್ತು.

"ಸಿಡಿದಿದ್ದು ಏನು?"

"ಫ್ಲೈವೀಲ್ ಮೇಡಂ. ಎಂಜಿನ್ ಹಿಂದೆ ತಿರುಗೋ ಭಾರದ ಚಕ್ರ. ಕ್ಲಚ್ ಹಿಡ್ಕೊಳ್ಳೋದು ಅದನ್ನೇ." ಉತ್ತರಿಸಿದವನು ಡಾಕ್ಟರ ಭಾವಮೈದ. ನೀರೆತ್ತುವ ಪಂಪುಗಳಿಗೆ ಪುಲ್ಲಿ ಮಾಡುವ ಲೇತ್ ಶೆಡ್ಡು ಅವನದು. ಎಲ್ಲರ ಬಾಯಲ್ಲೂ ಅವನು 'ಪುಲ್ಲಿ'. ಅಂಗಿಯ ತುಂಬ ರಕ್ತ. ಸೊಂಟದ ಬೆಲ್ಟು ಬಿಚ್ಚಿ ಡಾಕ್ಟರ ಕಾಲಿಗೆ ಬಿಗಿದು ಜೀವ ಉಳಿಸಿದವನು ಅವನೇ. "ಭಾವ ಇವತ್ತೇ ಮೊದಲ್ನೇ ಸಲ ಪೂರ್ತಿ ವೇಗಕ್ಕೆ ಹೋಗಿದ್ದು. ಬಾಂಬ್ ಬಿದ್ದ ಹಾಗೆ ಸದ್ದಾಯ್ತು."

"ಯಾರ ಮೇಲಾದರೂ ಅನುಮಾನ?"

"ಎರಡು ತಿಂಗಳ ಹಿಂದೆ ಗ್ಯಾರೇಜ್ ಮೇಸ್ತ್ರಿ ಹತ್ರ ಹೊಸ ಕ್ಲಚ್ಚು, ಹೊಸ ಫ್ಲೈವೀಲು ಹಾಕ್ಸಿದ್ರು. ಅವತ್ತು ಇಬ್ರಿಗೂ ಜಗಳ. 'ಹಟ ಮಾಡಿದ್ರೆ ಕಾಲು ಕಳ್ಕೋತೀರ' ಅಂದಿದ್ದ ಆ ಮನುಷ್ಯ. ನನ್ನ ಕಿವಿಯಾರೆ ಕೇಳಿದೀನಿ."

ಪಕ್ಕದಲ್ಲಿ ಅದೇ ಅಚ್ಚಿನ ಇನ್ನೊಂದು ಕಾರು ನಿಂತಿತ್ತು. ಬಣ್ಣ ಮಾತ್ರ ಬೇರೆ.

"ಅದು ನಿಮ್ದಾ?"

"ಹೂಂ. ಈ ಮಾಡೆಲ್ ಊರಲ್ಲಿ ಇರೋದೇ ಎರಡು. ಬರೋ ಭಾನುವಾರ ಬೆಟ್ಟದ ರೇಸು, ಇಬ್ರೂ ಇಳೀಬೇಕಿತ್ತು." ಅವನು ಕಣ್ಣೊರೆಸಿಕೊಂಡ. "ನನ್ನದು ಕಂಪನಿಯಿಂದ ಬಂದ ಹಾಗೇ ಇದೆ. ಒಂದು ಬೋಲ್ಟೂ ಬದಲಾಯಿಸಿಲ್ಲ."

ಇನ್ಸ್‌ಪೆಕ್ಟರ್ ನೆಲದ ಮೇಲಿದ್ದ ಚಕ್ರದ ಚೂರುಗಳನ್ನು ಆರಿಸಿ ಚೀಲಕ್ಕೆ ಹಾಕಿಸಿದಳು.

* * *

ಗ್ಯಾರೇಜಿಗೆ ಆಗಲೇ ಪೊಲೀಸ್ ಮೊಹರು ಬಿದ್ದಿತ್ತು. ಮೇಸ್ತ್ರಿ ಬಾಗಿಲಾಚೆ ಟೈರಿನ ಮೇಲೆ ಕುಳಿತಿದ್ದ. ನಲವತ್ತು ವರ್ಷದ ಕಸುಬು. ಸಂಜೆಯೊಳಗೆ ಬೇರೆ ಸುಳಿವು ಸಿಗದಿದ್ದರೆ ಬಂಧನ ಎಂದು ಮೇಲಿನವರ ಆಜ್ಞೆ. ಆ ಸುದ್ದಿ ಅವನಿಗೂ ಮುಟ್ಟಿತ್ತು. ಪಕ್ಕದಲ್ಲಿ ಗ್ರೀಸಿನ ಕೈಗಳನ್ನು ಕಟ್ಟಿಕೊಂಡು ಮಗಳು ನಿಂತಿದ್ದಳು; ಅಪ್ಪನ ಜೊತೆಗೇ ಕೆಲಸ ಮಾಡುವವಳು.

"ಕಾಲು ಕಳ್ಕೋತೀರ ಅಂದಿದ್ದು ನಿಜವಾ?"

"ನಿಜ. ಡಾಕ್ಟರಿಗೆ ಮೂರೂವರೆ ಕೆಜಿ ಚಕ್ರ ಬೇಕಿತ್ತು. ಕಂಪನಿಯದ್ದು ಒಂಬತ್ತು ಕೆಜಿ. ಅಷ್ಟು ಇಳಿಸಿದ್ರೆ ಸಿಗ್ನಲ್ಲಿನಲ್ಲಿ ಪ್ರತಿ ಸಲ ಎಂಜಿನ್ ಆಫ್ ಆಗತ್ತೆ ಅಂದೆ. ಕೇಳ್ಲಿಲ್ಲ. ಹಾಗಾದ್ರೆ ಕಂಪನಿ ಚಕ್ರಾನೇ ಲೇತಿಗೆ ಹಾಕಿ ತೆಳ್ಳಗೆ ಮಾಡ್ಕೊಡು ಅಂದ್ರು. ತೆಳ್ಳಗೆ ಮಾಡಿದ್ರೆ ವೇಗಕ್ಕೆ ಒಡೆದು ಸಿಡಿಯತ್ತೆ ಅಂತ ಆಗ ಹೇಳಿದ ಮಾತು ಅದು."

"ಡಾಕ್ಟರಿಗೆ ಬಯ್ಯೋ ಒಬ್ಬನೇ ಮನುಷ್ಯ ನಮ್ಮಪ್ಪ," ಎಂದಳು ಮಗಳು. "ಅವರು ಹಲ್ಲು ಕೀಳೋವಾಗ ಇವನು ಮಾತಾಡೋಕಾಗಲ್ಲ, ಅದಕ್ಕೆ ಇಲ್ಲಿ ತೀರಿಸ್ಕೊಳ್ತಾನೆ."

"ಸುಮ್ನಿರೇ." ಮೇಸ್ತ್ರಿ ನೋಟ್‌ಬುಕ್ ಚಾಚಿದ. "ಕೊನೆಗೆ ಒಪ್ಪಿದ್ದು ಇದಕ್ಕೆ. ಐದೂವರೆ ಕೆಜಿ, ಕಡೆದ ಉಕ್ಕು. ಜೊತೆಗೆ ಸ್ಪ್ರಿಂಗ್ ಇರೋ ಕ್ಲಚ್ ಪ್ಲೇಟು. ರೇಸಿನ ಗಟ್ಟಿ ಪ್ಲೇಟು ಊರೊಳಗೆ ಕುದುರೆ ಹಾಗೆ ಎಗರತ್ತೆ. ಹೊಸ ಪ್ಲೇಟು ಪಳಗೋಕೆ ಎಂಟುನೂರು ಕಿಲೋಮೀಟರು ಮೆಲ್ಲಗೆ ಓಡ್ಸಿ ಅಂದಿದ್ದೆ. ಓಡ್ಸಿದ್ರು, ಪಾಪ."

ಇನ್ಸ್‌ಪೆಕ್ಟರ್ ಒಂದು ಚೂರನ್ನು ಅವನ ಮುಂದಿಟ್ಟಳು. ಮೇಸ್ತ್ರಿ ಅದರ ಮುರಿದ ಅಂಚನ್ನು ಬಿಸಿಲಿಗೆ ಹಿಡಿದ. ಸ್ಪ್ಯಾನರಿನಿಂದ ತಟ್ಟಿದ. ಒದ್ದೆ ಹಲಗೆಯಂಥ ಸದ್ದು ಬಂತು.

"ಇದು ನಾನು ಹಾಕಿದ್ದಲ್ಲ."

"ಸಿಕ್ಕಿಬಿದ್ದೋರೆಲ್ಲ ಹೇಳೋದು ಅದೇ."

ಮಗಳು ಎದುರಿನ ವೆಲ್ಡಿಂಗ್ ಅಂಗಡಿಗೆ ನಡೆದಳು, ಇನ್ಸ್‌ಪೆಕ್ಟರ್ ಹಿಂಬಾಲಿಸಿದಳು. ಸಾಣೆಕಲ್ಲು ತಿರುಗಿತು. ಮೊದಲು ಉಕ್ಕಿನ ತುಂಡು: ಉದ್ದನೆಯ ಬೆಳ್ಳಗಿನ ಕಿಡಿಗಳು ಗೋಡೆಯವರೆಗೂ ಹಾರಿದವು. ಆಮೇಲೆ ಚೂರು: ಗೇಣುದ್ದದ ಮಂಕು ಕೆಂಪು ಕಿಡಿ, ಅಲ್ಲೇ ಆರಿತು.

"ಬೀಡುಕಬ್ಬಿಣ," ಎಂದಳು ಮಗಳು. "ಕಂಪನಿ ಚಕ್ರ. ಯಾರೋ ಕೊರೆದು ಸಣ್ಣ ಮಾಡಿದಾರೆ. ಒಳಮೈಲಿ ಕಂಪನಿ ಗುರುತೂ ಇದೆ."

"ಯಾರೋ ಯಾಕೆ? ನಿಮ್ಮಪ್ಪನೇ ಉಕ್ಕಿನದನ್ನ ಇಟ್ಕೊಂಡು ಡಾಕ್ಟರ ಹಳೇ ಚಕ್ರಾನೇ ಕೊರೆದು ಹಾಕಿರಬಹುದಲ್ಲ?"

ಮಗಳ ಮುಖ ಬಿಳಿಚಿತು. ಹಿಂದೆಯೇ ಬಂದಿದ್ದ ಮೇಸ್ತ್ರಿ ಮಾತ್ರ ನಿಧಾನವಾಗಿ ಮುಂದೆ ಬಂದ. "ಬಿಚ್ಚಿದ ಹಳೇ ಸಾಮಾನು ನನ್ನ ಗ್ಯಾರೇಜಿನಲ್ಲಿ ಒಂದು ದಿನ ಉಳಿಯಲ್ಲ ಮೇಡಂ. ಪೆಟ್ಟಿಗೆಗೆ ಹಾಕಿ, ಕಟ್ಟಿ, ಯಜಮಾನರ ಮನೆಗೆ ಕಳಿಸ್ತೀನಿ. ಯಾರೂ ಬಿಚ್ಚದ ಹಾಗೆ ಗಂಟಿನ ಮೇಲೆ ಸೀಸದ ಗುಂಡು ಒತ್ತಿರ್ತೀನಿ. ಡಾಕ್ಟರ ಮನೆಯಲ್ಲಿ ನೋಡಿ."

* * *

ಹೋಗುವ ದಾರಿಯಲ್ಲಿ ಬಿಡಿಭಾಗಗಳ ಅಂಗಡಿ. ಡಾಕ್ಟರು ಮೊದಲು ಕೊಂಡಿದ್ದ ರೇಸಿನ ಪ್ಲೇಟನ್ನು ಮೇಸ್ತ್ರಿ ಹಿಂದಿರುಗಿಸಿದ್ದರಿಂದ ಅಂಗಡಿಯವನಿಗೆ ಇನ್ನೂ ಮುನಿಸು.

"ಉಕ್ಕು ಅಂತ ಹೇಳಿ ಬೀಡು ಕೊಟ್ರಾ?"

"ಮೇಸ್ತ್ರಿಗೆ ಮೋಸ ಮಾಡೋಕಾಗತ್ತಾ ಮೇಡಂ? ಹಿಡಿದು, ತಟ್ಟಿ, ಮೂಸಿ ನೋಡಿ ತಗೊಂಡ. ನೆಕ್ಕಿ ನೋಡಲಿಲ್ಲ, ಅಷ್ಟೇ ಪುಣ್ಯ." ಅವನು ಪರೀಕ್ಷಾ ಪತ್ರ ತೋರಿಸಿದ. "ಈ ಮಾಡೆಲಿಗೆ ಮಾಡಿದ ಕೊನೇ ಚಕ್ರ ಅದು. ಮಾಡ್ತಿದ್ದ ಕಾರ್ಖಾನೆ ಮುಚ್ಚಿತು. ಈಗ ಅಂಥದ್ದು ಎಲ್ಲೂ ಸಿಗಲ್ಲ."

ಪತ್ರ ಸಾಚಾ ಆಗಿತ್ತು. ಇನ್ಸ್‌ಪೆಕ್ಟರ್‌ಗೆ ಅದೂ ಸಮಾಧಾನ ತರಲಿಲ್ಲ.

* * *

ಡಾಕ್ಟರ ಹೆಂಡತಿ ಆಸ್ಪತ್ರೆಗೆ ಬಟ್ಟೆ ಒಯ್ಯಲು ಮನೆಗೆ ಬಂದಿದ್ದಳು.

"ಪೆಟ್ಟಿಗೆ ಮೆಟ್ಟಿಲ ಕೆಳಗಿದೆ. ಅಷ್ಟು ಭಾರದ್ದನ್ನ ಯಾರು ಎತ್ತಾರೆ? ಅವರಿಗೂ ನೆನಪಿಲ್ಲ ಅದು."

ಹಗ್ಗ ಬಿಗಿಯಾಗಿತ್ತು. ಸೀಸದ ಗುಂಡು ಅಲುಗಿರಲಿಲ್ಲ. ಇನ್ಸ್‌ಪೆಕ್ಟರ್ ಕತ್ತರಿಸಿ ಮುಚ್ಚಳ ತೆಗೆದಳು. ಒಳಗೆ ಬೀಡುಕಬ್ಬಿಣದ ಪೂರ್ತಿ ಚಕ್ರ. ಅದೇ ಕಂಪನಿ ಗುರುತು. ತಕ್ಕಡಿಯ ಮುಳ್ಳು ಒಂಬತ್ತು ಕೆಜಿಗೆ ನಿಂತಿತು.

ಡಾಕ್ಟರ ಹಳೆಯ ಚಕ್ರ ಇಲ್ಲಿದೆ. ಹಾಗಾದರೆ ಸಿಡಿದದ್ದು ಯಾರದು?

"ಈ ಎರಡು ತಿಂಗಳಲ್ಲಿ ಕಾರು ಬೇರೆ ಯಾರ ಕೈಗಾದ್ರೂ ಹೋಗಿತ್ತಾ?"

"ಇಲ್ಲಪ್ಪ. ಅವರು ಡಾಕ್ಟರುಗಳ ಸಭೆಗೆ ಅಂತ ನಾಲ್ಕು ದಿನ ಹೋಗಿದ್ದಾಗ ನಮ್ಮ ತಮ್ಮನೇ ತಗೊಂಡು ಹೋಗಿ ಪಾಲಿಶ್ ಹೊಡೆಸಿ ತಂದ. ಭಾವನ ಕಾರು ಅಂದ್ರೆ ಅವನಿಗೆ ಪ್ರಾಣ."

* * *

ಲೇತ್ ಶೆಡ್ಡಿನ ಮುಂದೆ ಪುಲ್ಲಿಯ ಕಾರು ನಿಂತಿತ್ತು. ಇನ್ಸ್‌ಪೆಕ್ಟರ್ ಜೊತೆ ಮೇಸ್ತ್ರಿ, ಅವನ ಮಗಳು, ಡಾಕ್ಟರ ಹೆಂಡತಿ ಇಳಿದರು.

"ಕಾರು ಸ್ಟಾರ್ಟ್ ಮಾಡಿ," ಎಂದಳು ಇನ್ಸ್‌ಪೆಕ್ಟರ್.

"ಬ್ಯಾಟರಿ ಸತ್ತಿದೆ ಮೇಡಂ."

"ಬೆಳಿಗ್ಗೆ ಜೀವ ಇತ್ತಲ್ಲ."

ಪುಲ್ಲಿ ಕೀಲಿಕೈ ಕೊಡಲಿಲ್ಲ. ಅಕ್ಕನೇ ಅವನ ಜೇಬಿನಿಂದ ಕಿತ್ತು ಮೇಸ್ತ್ರಿಯ ಮಗಳ ಕೈಗಿತ್ತಳು. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಹುಡುಗಿ ಆಕ್ಸಿಲರೇಟರ್ ಒತ್ತಿ ಬಿಟ್ಟಳು. ಸದ್ದು ಏರಿತು, ಕಾಲು ತೆಗೆದೊಡನೆ ಧೊಪ್ಪನೆ ಇಳಿಯಿತು. ಇನ್ನೊಮ್ಮೆ. ಹಾಗೇ ಇಳಿಯಿತು.

"ಒಂಬತ್ತು ಕೆಜಿ ಚಕ್ರ ಇಷ್ಟು ಬೇಗ ಸುಮ್ಮನಾಗಲ್ಲ," ಎಂದ ಮೇಸ್ತ್ರಿ. "ಭಾರ ಇದ್ದಷ್ಟೂ ಹೊತ್ತು ತಿರುಗ್ತಾನೇ ಇರತ್ತೆ."

ಎಂಜಿನ್ ಆರಿಸಿ ಕೆಳಗಿನ ಸಣ್ಣ ಮುಚ್ಚಳ ಬಿಚ್ಚಿದರು. ಟಾರ್ಚಿನ ಬೆಳಕಿನಲ್ಲಿ ಉಕ್ಕು ಹೊಳೆಯಿತು. ಅಂಚಿನ ಮೇಲೆ ಕೆತ್ತಿದ ಸಂಖ್ಯೆ ಅಂಗಡಿಯ ಪತ್ರದ ಸಂಖ್ಯೆಯೇ.

"ಊರಲ್ಲಿ ಎರಡು ಕಾರು. ಕಂಪನಿ ಚಕ್ರ ಎರಡು, ಉಕ್ಕಿನದು ಒಂದು," ಎಂದಳು ಇನ್ಸ್‌ಪೆಕ್ಟರ್. "ಡಾಕ್ಟರದು ಮೆಟ್ಟಿಲ ಕೆಳಗೆ ಪೂರ್ತಿಯಾಗಿದೆ. ಸಿಡಿದದ್ದು ನಿಮ್ಮದು. ಮೇಸ್ತ್ರಿ ಹಳೇದನ್ನ ಕಟ್ಟಿ ಮನೆಗೆ ಕಳಿಸ್ತಾನೆ ಅಂತ ನಿಮಗೆ ಗೊತ್ತಿರಲಿಲ್ಲ. ನಿಮ್ಮ ಕಾರು ಯಾವತ್ತೂ ಅವನ ಹತ್ರ ಹೋಗಿಲ್ಲ. ಸಿಡಿದ ಮೇಲೆ, ಡಾಕ್ಟರ ಹಳೇ ಚಕ್ರಾನೇ ಕೊರೆದು ಹಾಕಿದ ಅಂತ ಊರು ಮೇಸ್ತ್ರಿಯನ್ನ ದೂರತ್ತೆ ಅಂದ್ಕೊಂಡ್ರಿ. ಭಾವನಿಗೆ ವ್ಯತ್ಯಾಸ ಗೊತ್ತಾಗಬಾರದು ಅಂತ ನಿಮ್ಮ ಚಕ್ರಾನ ಸರಿಯಾಗಿ ಐದೂವರೆ ಕೆಜಿಗೆ ಇಳಿಸಿದ್ರಿ. ಪಳಗಿಸೋ ಎಂಟುನೂರು ಕಿಲೋಮೀಟರು ಮೆಲ್ಲಗೆ ಓಡಿದ್ದಕ್ಕೆ ಅದು ತಡೀತು. ಇವತ್ತು ತಡೀಲಿಲ್ಲ."

ಪುಲ್ಲಿ ಲೇತಿನ ಕಟ್ಟೆಯ ಮೇಲೆ ಕುಸಿದ.

"ಅಂಥದ್ದು ಇನ್ನೊಂದು ಎಲ್ಲೂ ಸಿಗಲಿಲ್ಲ. ಹನ್ನೆರಡು ವರ್ಷದಿಂದ ಭಾವನ ಹಿಂದೇನೇ ಬೆಟ್ಟ ಹತ್ತಿದೀನಿ. ಒಂದ್ಸಲ... ಒಂದ್ಸಲ ಮುಂದೆ ಹೋಗೋಣ ಅಂತ." ಅವನು ಅಕ್ಕನತ್ತ ತಿರುಗಿದ. "ಸಾಯಿಸೋಕಲ್ಲ ಅಕ್ಕಾ. ಬೀಡಲ್ಲಿ ಸಾವಿರ ಪುಲ್ಲಿ ಕೊರೆದಿದೀನಿ. ಒಂದೂ ಒಡೆದಿಲ್ಲ."

"ನಿನ್ನ ಪುಲ್ಲಿ ನಿಮಿಷಕ್ಕೆ ಎಷ್ಟು ಸುತ್ತು ಸುತ್ತತ್ತೆ?" ಮೇಸ್ತ್ರಿ ಕೇಳಿದ.

"ಸಾವಿರದೈನೂರು."

"ಆ ಎಂಜಿನ್ ಏಳು ಸಾವಿರ ಸುತ್ತತ್ತೆ ಕಣೋ."

ಅಕ್ಕ ಅಳಲಿಲ್ಲ. ತಮ್ಮನ ಅಂಗಿಯ ಮೇಲೆ ಒಣಗಿದ್ದ ರಕ್ತವನ್ನೇ ನೋಡುತ್ತಿದ್ದಳು. "ನಿನ್ನಿಂದಲೇ ಜೀವ ಉಳೀತು ಅಂತ ಅವರು ಬೆಳಿಗ್ಗೆಯಿಂದ ಎಲ್ಲರಿಗೂ ಹೇಳ್ತಿದಾರೆ. ಮೊದಲು ಅಲ್ಲಿಗೆ ಹೋಗಿ ನಿನ್ನ ಬಾಯಲ್ಲೇ ಹೇಳು. ಆಮೇಲೆ ಇವರು ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗ್ಲಿ."

* * *

ಮರುದಿನ ಇನ್ಸ್‌ಪೆಕ್ಟರ್ ತಾನೇ ಬಂದು ಗ್ಯಾರೇಜಿನ ಮೊಹರು ಕಿತ್ತಳು.

"ಡಾಕ್ಟರು ಹೇಳಿ ಕಳಿಸಿದಾರೆ. ನಿಮ್ಮ ಮೇಲೆ ಅನುಮಾನ ಪಟ್ಟಿದ್ದು ತಪ್ಪಾಯ್ತಂತೆ. ಕಾರು ಮಾರಿಬಿಡ್ತಾರಂತೆ. ಎಡಗಾಲಿಲ್ಲದೆ ಕ್ಲಚ್ ಒತ್ತೋದು ಹೇಗೆ ಅಂತ."

ಮೇಸ್ತ್ರಿ ಒಳಗೆ ಹೋಗಿ ದೀಪ ಹಾಕಿದ. ಹಿಂದೆಯೇ ಹೋದ ಮಗಳು ಬೆಂಚಿನ ಮೇಲೆ ಕಾಗದ ಹರಡಿ ಆಗಲೇ ಗೆರೆ ಎಳೆಯುತ್ತಿದ್ದಳು: ಗೇರಿನ ಕೋಲು, ಅದರ ತಲೆಗೆ ಬೆರಳಿಂದ ಎಳೆಯುವ ಚಿಕ್ಕ ಹಿಡಿ.

"ಕೈಯಲ್ಲಿ ಒತ್ತೋ ಹಾಗೆ ಮಾಡ್ತೀವಿ ಅಂತ ಹೇಳಿ ಮೇಡಂ," ಎಂದಳು ಅವಳು ತಲೆಯೆತ್ತದೆ. "ಮಾರೋ ಮಾತೆತ್ತಿದ್ರೆ ಅಪ್ಪ ಆಸ್ಪತ್ರೆಗೇ ಬಂದು ಬಯ್ತಾನೆ ಅಂತಾನೂ ಹೇಳಿ."