ಬೂದಿಬಯಲಿನ ಅರ್ಧ ಆಮೆ

ಭೂಕಂಪದ ನಂತರ ಅಂಬ್ರಿಮ್ ದ್ವೀಪದ ಬೂದಿಬಯಲು ದಾಟುವ ಹಾದಿ ಉಳಿದಿದೆಯೋ ಇಲ್ಲವೋ ನೋಡಿ ಬರುತ್ತೇನೆಂದು ಹೋದ ಮತಿಯಾಸ್ ಮರುದಿನ ಸಂಜೆಗೆ ಮರಳಬೇಕಿತ್ತು. ಮೂರು ದಿನವಾಯಿತು. ನಾಲ್ಕನೆಯ ಬೆಳಿಗ್ಗೆ ಅವನ ಅಕ್ಕ ರೋಲಿನ್ ಬೇಯಿಸಿದ ಕೆಸುವಿನ ಗಡ್ಡೆಯನ್ನು ಎಲೆಯಲ್ಲಿ ಕಟ್ಟಿದಳು, ಬಾಟಲಿಗಳಿಗೆ ನೀರು ತುಂಬಿದಳು, ಮುಚ್ಚಳಗಳನ್ನು ಎರಡೆರಡು ಸಲ ತಿರುವಿ ನೋಡಿದಳು. ಜೊತೆಗೆ ಹೊರಟವರು ಸೋದರಮಾವ ಬೊಂಗ್‌ನೈಮ್ ಮತ್ತು ತಮ್ಮನ ಗೆಳೆಯ ಸೆಲ್ವಿನ್.

"ಮಳೆ ಶುರುವಾದ್ರೆ ವಾಪಸ್," ಎಂದ ಮಾವ. "ಕೊರಕಲಿಗೆ ನೀರು ನುಗ್ಗಿದ್ರೆ ಹುಡುಕೋಕೆ ಹೋದವ್ರನ್ನೂ ಹುಡುಕ್ಬೇಕಾಗತ್ತೆ."

ಜರಿಗಿಡದ ಮರಗಳ ನಡುವೆ ಏರಿ, ಕಾಡುಜೊಂಡನ್ನು ಕತ್ತಿಯಿಂದ ಸವರಿ, ಕೊನೆಗೆ ಕಡಿದಾದ ಗೋಡೆಯಂಥ ಇಳಿಜಾರನ್ನು ಹಗ್ಗ ಹಿಡಿದು ಇಳಿದಾಗ ಹಸಿರು ಕತ್ತರಿಸಿದಂತೆ ಮುಗಿದುಹೋಯಿತು. ಮುಂದೆಲ್ಲ ಕಪ್ಪು ಬೂದಿ. ಹೊಳೆಯಿಲ್ಲದ ಹೊಳೆಯ ಪಾತ್ರಗಳಂಥ ಕೊರಕಲುಗಳು. ದೂರದಲ್ಲಿ ಎರಡು ಜ್ವಾಲಾಮುಖಿಗಳ ಹೊಗೆ ಮೋಡಕ್ಕೆ ಸೇರಿಕೊಂಡು, ಯಾವುದು ಹೊಗೆ ಯಾವುದು ಮಳೆ ಎಂದು ತಿಳಿಯದಂತಾಗಿತ್ತು. ರೋಲಿನ್ ಹೆಜ್ಜೆಗೊಮ್ಮೆ ಆಕಾಶ ನೋಡುತ್ತಿದ್ದಳು.

"ಅಕ್ಕ, ನೀನು ನೋಡಿದ್ರೆ ಮಳೆ ಬರೋದು ತಪ್ಪಲ್ಲ," ಎಂದ ಸೆಲ್ವಿನ್. "ಕಾಲ ಕೆಳಗೆ ನೋಡು."

ಮಧ್ಯಾಹ್ನದ ಹೊತ್ತಿಗೆ ಕೊರಕಲು ಎರಡಾಗಿ ಕವಲೊಡೆಯಿತು. ಕವಲಿನಲ್ಲಿ ಒಂದು ಬಾಗಿದ ಬಂಡೆ. ಅದರ ನೆರಳಿನ ಒದ್ದೆ ಬೂದಿಯಲ್ಲಿ ಯಾರೋ ಬೆರಳಿನಿಂದ ಗೆರೆ ಎಳೆದಿದ್ದರು.

ಅರ್ಧ ಆಮೆ.

ಬೊಂಗ್‌ನೈಮ್ ಮುಖ ತಿರುಗಿಸಿದ. ಸತ್ತವರ ದಾರಿಯಲ್ಲಿ ಕಾವಲಿನ ಮುದುಕಿ ಇಂಥದೇ ಅರ್ಧ ಚಿತ್ರ ಬರೆದು ಕೂತಿರುತ್ತಾಳೆ, ಪೂರ್ತಿ ಮಾಡಲಾರದವರನ್ನು ತಿಂದುಬಿಡುತ್ತಾಳೆ ಎಂದು ಅವನಿಗೆ ಅಜ್ಜಿ ಹೇಳಿದ್ದಳು. "ಹುಡುಗ ಹೋಗ್ಬಿಟ್ಟ. ನಡೀರಿ ಮನೆಗೆ."

"ಮಾವ, ಇದು ಮತಿಯಾಸನ ಬೆರಳು. ಹೋದ ದಾರಿ ಬರ್ದಿಟ್ಟಿದಾನೆ," ಎಂದಳು ರೋಲಿನ್. ಅವಳು ಬಗ್ಗಿ ನೋಡಿದಳು. ಬಾಲದಿಂದ ಹೊರಟ ಗೆರೆ ಎಡಗಾಲನ್ನು ಬಳಸಿ ಬಂದು ಕುತ್ತಿಗೆಯಲ್ಲಿ ನಿಂತಿತ್ತು. ಬಲಗಾಲಿಲ್ಲ, ತಲೆಯಿಲ್ಲ. ತಲೆಯ ಜಾಗದಲ್ಲಿ ಒಂದು ಕರಿಗಲ್ಲು. ಅವಳು ಕತ್ತೆತ್ತಿದಳು. ಎದುರಿಗೆ, ಕವಲುಗಳಾಚೆ, ಅಂಥದೇ ಕರಿಯ ಕೋಡುಗಲ್ಲು.

"ಅಲ್ಲಿದಾನೆ. ಕೋಡುಗಲ್ಲಿನ ಹತ್ರ."

"ಹಾಗಾದ್ರೆ ಎಡಗಡೆ ಕೊರಕಲು. ನೇರ, ಅರ್ಧ ಗಂಟೆ," ಎಂದು ಸೆಲ್ವಿನ್ ಚೀಲ ಹೆಗಲಿಗೇರಿಸಿದ.

ರೋಲಿನ್ ಅಲುಗಲಿಲ್ಲ. ಊರಿನವರೆಲ್ಲ ನೆಲದ ಮೇಲೆ ಬರೆಯುವ ಆಮೆಗೆ ನಿಯಮವಿತ್ತು: ಬೆರಳೆತ್ತಬಾರದು, ಎಳೆದ ಗೆರೆಯ ಮೇಲೆ ಮತ್ತೆ ಎಳೆಯಬಾರದು, ಹೊರಟಲ್ಲಿಗೇ ಬಂದು ಸೇರಬೇಕು. ಚಿಕ್ಕವಳಿದ್ದಾಗ ಅವಳು ಕುತ್ತಿಗೆಯಿಂದ ಆತುರವಾಗಿ ನೇರ ತಲೆಗೇ ಹೋಗಿಬಿಡುತ್ತಿದ್ದಳು. ಬಲಗಾಲು ಉಳಿದುಹೋಗಿ ಬೆರಳೆತ್ತಬೇಕಾಗುತ್ತಿತ್ತು. 'ರೋಲಿನ್‌ಳ ಕುಂಟ ಆಮೆ' ಎಂದು ಕೇರಿಯೆಲ್ಲ ನಗುತ್ತಿತ್ತು. ಈಗ ತಪ್ಪಿದರೆ?

ಗೆರೆಗೆ ತಾಗದಂತೆ ಗಾಳಿಯಲ್ಲೇ ಬೆರಳಾಡಿಸಿದಳು. ಒಮ್ಮೆ. ಮತ್ತೊಮ್ಮೆ.

"ಎಡಗಾಲು ಆಗ್ಲೇ ಮುಗಿದಿದೆ. ಆ ಕಡೆ ಹೋಗಿ ವಾಪಸ್ ಬಂದಿದಾನೆ. ಬಲಕ್ಕೆ ಸುತ್ತಿ, ಹಿಂದಿನಿಂದ ತಲೆಗೆ ಹೋಗ್ಬೇಕು."

"ಖಂಡಿತಾನಾ?"

"ಇಲ್ಲ," ಎಂದಳು. "ಆದ್ರೂ ಬಲಕ್ಕೆ."

ಮಾವ ಅವಳನ್ನು ನೋಡಿದ. ಮೊದಲ ಹನಿ ಬಿತ್ತು. ವಾಪಸ್ ಎನ್ನುವನೆಂದು ಅವಳು ಅಂದುಕೊಂಡಳು. ಅವನು ಬಲಗಡೆ ಕೊರಕಲಿಗೆ ಇಳಿದ.

ಓಡಿದರು. ಬೂದಿ ಕೆಸರಾಯಿತು. ಹೊಗೆ ಬೆರೆತ ಹುಳಿ ಮಳೆ ಕಣ್ಣಿಗೆ ಉರಿ ಹತ್ತಿಸಿತು.

ಧೊಪ್ಪೆಂದು ಎಡಗಡೆಯಿಂದ ಸದ್ದು. ನೆಲ ನಡುಗಿತು. ಎಡ ಕೊರಕಲಿನ ದಂಡೆ ಉದ್ದಕ್ಕೂ ಕುಸಿದುಬಿದ್ದಿತ್ತು.

ಸೆಲ್ವಿನ್ ಚೀಲವನ್ನು ಬಿಗಿದುಕೊಂಡು ಇನ್ನೂ ಜೋರಾಗಿ ಓಡಿದ.

ಕಾಲಿಗೆ ನೀರು ಸುತ್ತಿಕೊಳ್ಳತೊಡಗಿತು. ಮೊಣಕಾಲಿಗೆ ಬಂತು. ಮಾವ ಕತ್ತಿಯನ್ನು ದಂಡೆಗೆ ಚುಚ್ಚಿ ಮೇಲೆ ಹತ್ತಿದ, ಕೈ ಚಾಚಿದ. ಒಬ್ಬರನ್ನೊಬ್ಬರು ಎಳೆದುಕೊಂಡು ಕೋಡುಗಲ್ಲಿನ ಹಿಂಬದಿಗೆ ಬಂದರು.

ಗವಿಯಲ್ಲಿ ತೊಟ್ಟಿಕ್ಕುವ ನೀರಿಗೆ ಬಾಯೊಡ್ಡಿ ಮಲಗಿದ್ದ ಮತಿಯಾಸ್. ಕಣಕಾಲು ಗಡ್ಡೆಯ ಹಾಗೆ ಊದಿತ್ತು.

"ಎಡಗಡೆ ದಂಡೆ ಕಾಲ್ಮೇಲೆ ಬಿತ್ತು," ಎಂದ. "ನೀರಿರೋದು ಇಲ್ಲಿ ಮಾತ್ರ. ಕವಲಿಗೆ ವಾಪಸ್ ಹೋಗಿ, ಬಲಕ್ಕೆ ಸುತ್ತಿ ತೆವಳ್ಕೊಂಡು ಬಂದೆ."

"ಪೂರ್ತಿ ಬರ್ದಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?" ರೋಲಿನ್ ಗದರಿದಳು.

"ನಡೀದೇ ಇರೋ ದಾರೀನ ಹೆಂಗಕ್ಕ ಬರೀಲಿ? ತಲುಪ್ತೀನೋ ಇಲ್ವೋ ಅಂತ ನನಗೇ ಗೊತ್ತಿರ್ಲಿಲ್ಲ."

ಗಡ್ಡೆ ತಿನ್ನಿಸಿದರು, ಕಾಲಿಗೆ ಜೊಂಡಿನ ದಬ್ಬೆ ಕಟ್ಟಿದರು. ಎರಡು ಕೊರಕಲೂ ಮುಚ್ಚಿದ್ದವು. ಉಳಿದದ್ದು ಅವೆರಡರ ನಡುವಿನ ಗುಡ್ಡದ ನೆತ್ತಿ. ಆಮೆಯ ತಲೆಯಿಂದ ಬಾಲಕ್ಕೆ ಬರುವ ಕೊನೆಯ ಗೆರೆ. ಅವನನ್ನು ಸರದಿಯಲ್ಲಿ ಬೆನ್ನಿಗೆ ಹಾಕಿಕೊಂಡು, ಹತ್ತು ಹೆಜ್ಜೆಗೊಮ್ಮೆ ನಿಂತು, ಮಳೆ ತೆಳುವಾಗುವ ವೇಳೆಗೆ ಬಾಗಿದ ಬಂಡೆಯ ಹತ್ತಿರ ಇಳಿದರು.

ನೀರು ಆಮೆಯ ಅಂಚಿಗೆ ಬಂದಿತ್ತು. ರೋಲಿನ್ ಮೊಣಕಾಲೂರಿ ಕುತ್ತಿಗೆಗೆ ಬೆರಳಿಟ್ಟಳು. ಬಲಗಾಲು ಸುತ್ತಿದಳು, ಕರಿಗಲ್ಲನ್ನು ಹಿಂದಿನಿಂದ ಬಳಸಿದಳು, ಬೆನ್ನಿನುದ್ದಕ್ಕೂ ಇಳಿದು ಬಾಲಕ್ಕೆ ಸೇರಿಸಿದಳು.

"ಬೆರಳೆತ್ತಿದ್ಲು, ಅಲ್ವೇನೋ?" ಸೆಲ್ವಿನ್‌ನ ಬೆನ್ನ ಮೇಲಿಂದ ಮತಿಯಾಸ್ ಕೇಳಿದ.

"ಎತ್ತಲಿಲ್ಲ," ಎಂದ ಮಾವ. ಈ ಸಲ ಅವನು ಮುಖ ತಿರುಗಿಸದೆ ಕಡೆಯವರೆಗೂ ನೋಡಿದ್ದ. "ನಡೀರಿ, ಇನ್ನೂ ಗೋಡೆ ಹತ್ತಬೇಕು."

ಇಳಿಜಾರಿನ ಬುಡ ತಲುಪಿದಾಗ ರೋಲಿನ್ ಬೂದಿ ಮೆತ್ತಿದ ಬೆರಳನ್ನು ಒರೆಸಿಕೊಳ್ಳದೆ ಹಗ್ಗ ಹಿಡಿದಳು.