ಮುಳ್ಳು ಹಾಕಿದ ಬಾಗಿಲಿನ ಸಮನ್ಸ್

೧೯೩೮ರ ಜೂನ್ ಆರರಂದು ಮುನ್ಸೀಫರ ದೂರು ಠಾಣೆಗೆ ಬಂತು. ದೇವರಾಯಸಮುದ್ರದ ವಿಧವೆ ದೊಡ್ಡವೆಂಕಟಮ್ಮನ ಹಿಪ್ಪುನೇರಳೆ ತೋಟ ತನ್ನದೆಂದು ಅವಳ ಮೈದುನ ದಾವೆ ಹೂಡಿದ್ದ. ಆಕೆ ಹಾಜರಾಗಲಿಲ್ಲವೆಂದು ತೀರ್ಪು ಅವನ ಪರವಾಗಿತ್ತು. ಸಮನ್ಸೇ ಮುಟ್ಟಿಲ್ಲ, ತೀರ್ಪು ರದ್ದುಮಾಡಿ ಎಂದು ಆಕೆ ಅರ್ಜಿ ಹಾಕಿದ್ದಳು. ಸಮನ್ಸ್ ಒಯ್ದಿದ್ದ ಕೋರ್ಟಿನ ಅಮೀನ ರಾಮಚಂದ್ರಪ್ಪನ ವರದಿ ಬೇರೆಯೇ ಹೇಳುತ್ತಿತ್ತು: ಮಾರ್ಚ್ ಹತ್ತರಂದು ಆಕೆ ಹೊಸ್ತಿಲಲ್ಲಿ ನಿಂತು ಬೇಡವೆಂದಳು, ಬಾಗಿಲಿಗೆ ಅಂಟಿಸಿ ಬಂದೆ. ಯಾರ ಮಾತು ಸುಳ್ಳೆಂದು ಪೊಲೀಸರು ನೋಡಬೇಕಿತ್ತು.

ಇನ್ಸ್‌ಪೆಕ್ಟರ್ ಮುನಿನಾರಾಯಣಪ್ಪ ಎಫ್‌ಐಆರ್ ಬರೆಸಿ, ದಫೇದಾರ್ ಕೊಂಡಪ್ಪನನ್ನು ಕರೆದುಕೊಂಡು ಹೊರಟರು. ಹೆಂಡತಿ ತೀರಿಕೊಂಡಾಗಿನಿಂದ ಅವರಿಗೆ ಕೊಲೆಯೂ ಒಂದೇ, ಕೋಳಿ ಕಳವೂ ಒಂದೇ. ಹೇಳಿದ ಕೆಲಸ ಮಾಡುವುದು, ಮನೆಗೆ ಹೋಗಿ ಮಲಗುವುದು.

ಊರೊಳಗೆ ಆ ವಿಧವೆಯ ಮನೆಯ ಬಾಗಿಲಿಗೆ ಅಡ್ಡಲಾಗಿ ಜಾಲಿಮುಳ್ಳು ಹಾಕಿತ್ತು. ದೊಡ್ಡವೆಂಕಟಮ್ಮ ಕೆರೆಕಟ್ಟೆಯ ಕೆಳಗೆ, ತೋಟದ ಗುಡಿಸಲಲ್ಲಿದ್ದಳು.

"ಮನೆ ಬಿಟ್ಟಿದ್ದು ಯಾವಾಗಮ್ಮ?"

"ಸಂಕ್ರಾಂತಿ ಕಳೆದ್ಮೇಲೆ ಸ್ವಾಮಿ. ನಮ್ಮ ಯಜಮಾನ್ರು ಹೋಗಿದ್ದು ಕೆಟ್ಟ ನಕ್ಷತ್ರದಾಗೆ. ಮುಳ್ಳು ಹಾಕಿ ಮನೆ ಬಿಡ್ಬೇಕು, ಆರು ತಿಂಗ್ಳು ಬಾಗ್ಲು ತೆಗೀಬಾರ್ದು ಅಂದ್ರು."

"ಮಧ್ಯೆ ಒಂದ್ಸಲಾನೂ ಹೋಗ್ಲಿಲ್ವಾ?"

"ಹೋದ್ರೆ ಊರೋರು ಸುಮ್ಕೆ ಬಿಡ್ತಾರಾ? ಈಗ ತೋಟಾನೂ ಹೋದ್ರೆ ಈ ಗುಡ್ಸಲೂ ಇರಲ್ಲ ಸ್ವಾಮಿ. ಎಲ್ಲಿಗೆ ಹೋಗ್ಲಿ?"

ಪಕ್ಕದ ಮನೆಯ ಮುನಿಯಲ್ಲಮ್ಮನೂ ಅದನ್ನೇ ಹೇಳಿದಳು. ಪಂಚನಾಮೆಗೆ ಬಾಗಿಲು ನೋಡಬೇಕಿತ್ತು. ಮುಳ್ಳು ಮುಟ್ಟಲು ಪಂಚರು ಒಪ್ಪಲಿಲ್ಲ, ಕೊಂಡಪ್ಪನೂ ಮೆಲ್ಲಗೆ ಹಿಂದೆ ಸರಿದ. ಮುನಿನಾರಾಯಣಪ್ಪನವರೇ ಕೈಹಾಕಿ ಎಳೆದರು. ಅವರಿಗೆ ಇನ್ನೇನು ಕೆಡುಕಾಗಬೇಕಿತ್ತು? ಬಾಗಿಲ ತುಂಬ ಜೇಡರ ಬಲೆ. ಕಾಗದ ಅಂಟಿಸಿದ ಗುರುತೇ ಇರಲಿಲ್ಲ.

ಸಂಜೆ ರಾಮಚಂದ್ರಪ್ಪ ತನ್ನ ಮನೆಯ ಜಗಲಿಯ ಮೇಲೆ ಸಿಕ್ಕಿದ.

"ಮೈದುನನ ಹತ್ರ ಏನು ತಿಂದೆ?"

"ಒಂದು ವೀಳ್ಯದೆಲೇನೂ ಇಲ್ಲ ಸ್ವಾಮಿ."

"ಮತ್ತೆ?"

"ಕೆರೆಕಟ್ಟೆ ಮೇಲೆ ಯಾರೋ ಅಂದ್ರು, ಆ ಮನೇಲಿ ಕೆಟ್ಟ ನಕ್ಷತ್ರದ ಸಾವು ಅಂತ. ನನ್ನ ಹೆಂಡ್ತಿಗೆ ದಿನ ತುಂಬಿತ್ತು. ಮುಂಚೆ ಎರಡು ಕೂಸು ಹೋಗಿದ್ವು. ಕಾಲು ಮುಂದಕ್ಕೆ ಬರ್ಲಿಲ್ಲ, ಹಂಗೇ ವಾಪಸ್ ಬಂದೆ. ಬೇಡ ಅಂದ್ರು, ಅಂಟಿಸ್ದೆ ಅಂತ ಯಾವಾಗ್ಲೂ ಬರೆಯೋದೇ. ಅದನ್ನೇ ಬರ್ದೆ."

"ಅಂಥ ಮನೇನ ಬಿಟ್ಟಿರ್ತಾರೆ ಅಂತ ಹೊಳೀಲಿಲ್ವೇನಯ್ಯ?"

"ಭಯದಾಗೆ ಏನೂ ಹೊಳೀಲಿಲ್ಲ ಸ್ವಾಮಿ."

ಒಳಗೆ ಅವನ ಹೆಂಡತಿ ಶಾಮಲಮ್ಮ ಗೋಡೆಗೆ ಒರಗಿ ಕೂತಿದ್ದಳು. ಅಳುವ ಸದ್ದಾಗಲಿ ತೊಟ್ಟಿಲಾಗಲಿ ಇರಲಿಲ್ಲ.

"ಮಗು?"

"ಒಂದು ವಾರ ಇತ್ತು," ಎಂದ ರಾಮಚಂದ್ರಪ್ಪ.

ದಸ್ತಗಿರಿ ಮಾಡಿದಾಗ ಅವನು ತಕರಾರು ಮಾಡಲಿಲ್ಲ. ತಿಂಗಳ ಕೊನೆಗೆ ತೀರ್ಪು ರದ್ದಾಗಿ, ದಾವೆ ಮೊದಲಿಂದ ನಡೆಯಬೇಕೆಂದು ಆದೇಶವಾಯಿತು. ತೋಟ ಸದ್ಯಕ್ಕೆ ಉಳಿಯಿತು. ಮುನಿನಾರಾಯಣಪ್ಪನವರು ಕೊಂಡಪ್ಪನನ್ನು ಕರೆದುಕೊಂಡು ತಾವೇ ಹೋಗಿ ದೊಡ್ಡವೆಂಕಟಮ್ಮನಿಗೆ ತಿಳಿಸಿದರು. ಅಮೀನ ಎಲ್ಲಿಂದ, ಯಾಕೆ ಹಿಂದಿರುಗಿದನೆಂಬುದನ್ನೂ ಹೇಳಿದರು. ಆಕೆ ತಲೆಯೆತ್ತಿ ಕಟ್ಟೆಯನ್ನು ನೋಡಿದಳು.

"ಅಲ್ಲಿಂದ ಒಂದು ಕೂಗು ಹಾಕಿದ್ರೆ ನಂಗೆ ಕೇಳ್ತಿತ್ತಲ್ಲ ಸ್ವಾಮಿ. ಆ ಮನೆ ಕಡೆ ಹೋಗೋದೇ ಬೇಕಿರ್ಲಿಲ್ಲ."

ಅವರಿಗೆ ಸಂಕಟವಾಯಿತು. ಹಿಂದಿರುಗುವಾಗ, ಈ ಮಾತು ರಾಮಚಂದ್ರಪ್ಪನ ಕಿವಿಗೆ ಬೀಳಬಾರದೆಂದು ಕೊಂಡಪ್ಪನಿಗೆ ತಾಕೀತು ಮಾಡಿದರು.