ಕಬ್ಬಿಣದ ಮೀಸೆಯ ಮುಖ

ಡಿಸೆಂಬರ್ ಮೂರು, ಮಂಗಳವಾರ, ಸಂಜೆ ಐದಕ್ಕೆ ಹತ್ತು ನಿಮಿಷ. ವೆಸ್ಟ್‌ಮಂಟಿನ ಠಾಣೆಗೆ ಪದ್ಮಜಾ ಏಳು ವರ್ಷದ ಮಗಳು ತನ್ಮಯಿಯ ಕೈ ಹಿಡಿದು ಬಂದಳು. ಹೊರಗೆ ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಆಕೆಯ ಮೈಮೇಲೆ ಕೋಟು ಇರಲಿಲ್ಲ. ಡಿಟೆಕ್ಟಿವ್ ಇಳಾ ಕುರ್ಚಿ ಎಳೆದುಕೊಟ್ಟಳು. ಇಳಾ ಪಕ್ಕದ ನೇಪರ್‌ವಿಲ್‌ನಲ್ಲೇ ಹುಟ್ಟಿ ಬೆಳೆದ ಹುಡುಗಿ, ಆದರೂ ಅಮ್ಮನ ದಯೆಯಿಂದ ಕನ್ನಡ ಚೆನ್ನಾಗಿತ್ತು.

"ಏನಾಯ್ತು ಹೇಳಿ."

"ನಮ್ಮನೆ ಹಿಂದಿನ ಗಾಜಿನ ಬಾಗಿಲ ಹತ್ರ ಯಾರೋ ನಿಂತಿದ್ರು. ತಲೆ ಪೂರ್ತಿ ಕಬ್ಬಿಣದ ಹೆಲ್ಮೆಟ್. ಅದಕ್ಕೆ ಮನುಷ್ಯನ ಮುಖ. ಕೊಕ್ಕೆ ಮೂಗು, ಮೀಸೆ, ಹಲ್ಲು."

"ಎಷ್ಟನೇ ಸಲ?"

"ಮೂರು. ಹೋದ ಗುರುವಾರ ಥ್ಯಾಂಕ್ಸ್‌ಗಿವಿಂಗ್ ದಿನ, ಶನಿವಾರ, ಇವತ್ತು. ಇವತ್ತು ಗಾಜು ತಟ್ಟಿದ. ನನ್ನ ಹಸ್ಬೆಂಡ್ ಡೆಟ್ರಾಯಿಟ್‌ನಲ್ಲಿದಾರೆ, ಶುಕ್ರವಾರವೇ ಬರೋದು."

ಬಾಗಿಲ ಸಂದಿಯಲ್ಲಿ ಸಿಕ್ಕಿದ ಒಂದು ಚೀಟಿಯನ್ನು ಆಕೆ ಮುಂದಿಟ್ಟಳು. ಪ್ರಿಂಟರಿನಲ್ಲಿ ತೆಗೆದ ಇಂಗ್ಲಿಷಿನ ಎರಡೇ ಮಾತು: ಅದು ಅಸಲಿ. ಹಾಗೇ ಬರೆ.

ಪದ್ಮಜಾ ಲೊಂಬಾರ್ಡ್‌ನ ಒಂದು ಸಣ್ಣ ಖಾಸಗಿ ಸಂಗ್ರಹಾಲಯದಲ್ಲಿ ಹಳೆಯ ಕವಚಗಳ ಪರೀಕ್ಷಕಿ. ಹೆಸರು ಹೇಳದ ದಾನಿಯೊಬ್ಬ ವಸಂತದಲ್ಲಿ ಪಾರ್ಸೆಲ್ ಮಾಡಿದ್ದ ಹೆಲ್ಮೆಟ್ ಅಸಲಿಯೋ ನಕಲಿಯೋ ಎಂಬ ವರದಿಯನ್ನು ಆಕೆ ಶುಕ್ರವಾರ ಕೊಡಬೇಕಿತ್ತು. ಬಾಗಿಲ ಬಳಿ ಕಂಡದ್ದು ಅದೇ ಮುಖ.

ಇಲ್ಲಿ ಎಫ್‌ಐಆರ್ ಅನ್ನುವುದಿಲ್ಲ, ಇನ್ಸಿಡೆಂಟ್ ರಿಪೋರ್ಟ್ ಅನ್ನುತ್ತಾರೆ. ಹೆಸರು ಬೇರೆ, ತಲೆನೋವು ಅದೇ. ಇಳಾ ಬರೆದು ಮುಗಿಸುವವರೆಗೂ ತನ್ಮಯಿಯ ಕಣ್ಣು ಠಾಣೆಯ ಕಿಟಕಿಯನ್ನು ಬಿಟ್ಟು ಕದಲಲಿಲ್ಲ. ಆ ರಾತ್ರಿ ಮನೆ ಮುಂದೆ ಒಂದು ಗಸ್ತು ಕಾರು ನಿಲ್ಲಿಸಿದರು.

ಬುಧವಾರ ಮಧ್ಯಾಹ್ನ ಎರಡೂವರೆಗೆ ಇಳಾ, ಜೊತೆಗಾರ ಕೊವಾಲ್ಸ್ಕಿಯೊಂದಿಗೆ ಸಂಗ್ರಹಾಲಯಕ್ಕೆ ಹೋದಳು. ಹೆಲ್ಮೆಟ್ ಬೀಗ ಹಾಕಿದ ಗಾಜಿನ ಕಪಾಟಿನಲ್ಲೇ ಇತ್ತು. ಒಂದು ವಾರದಿಂದ ಬೀಗ ತೆಗೆದಿಲ್ಲವೆಂದು ದಾಖಲೆ ಹೇಳಿತು. ಹಾಗಾದರೆ ಇದರ ಜೋಡಿ ಇನ್ನೊಂದು ಹೊರಗಿತ್ತು.

"ಇಷ್ಟು ವಿಚಿತ್ರವಾಗಿದೆ, ನೋಡಿದ್ರೇನೇ ನಕಲಿ ಅನ್ಸಲ್ವಾ?" ಎಂದಳು ಇಳಾ.

"ಎಲ್ಲರೂ ಎಡವೋದು ಅಲ್ಲೇ," ಎಂದಳು ಪದ್ಮಜಾ. "ಐನೂರು ವರ್ಷದ ಹಿಂದೆ ಜರ್ಮನ್ ಸೀಮೇಲಿ ಇಂಥ ಮುಖದ ಹೆಲ್ಮೆಟ್ ನಿಜವಾಗ್ಲೂ ಮಾಡ್ತಿದ್ರು. ಹಬ್ಬದ ಪಂದ್ಯಗಳಿಗೆ, ಜನರನ್ನ ನಗಿಸೋಕೆ, ಹೆದರಿಸೋಕೆ. ಆಕಾರ ನೋಡಿ ತೀರ್ಪು ಕೊಡಬಾರದು. ಒಳಗಡೆ ಸುತ್ತಿಗೆ ಗುರುತು, ರಿವೆಟ್ಟು ಮೊಳೆ, ತುಕ್ಕು ನೋಡ್ಬೇಕು. ಇದರಲ್ಲಿ ಎಲ್ಲಾ ಸರಿಯಾಗಿದೆ. ಇದೊಂದು ಬಿಟ್ಟು."

ಆಕೆ ದೀಪ ಆರಿಸಿ ನೇರಳಾತೀತ ಕಿರಣದ ಟಾರ್ಚ್ ಹಿಡಿದಳು. ಹಣೆಯ ರಿವೆಟ್ಟಿನ ಸಂದಿಯಲ್ಲಿ ಹಸಿರು ಮಿಶ್ರಿತ ಹಳದಿ ಚುಕ್ಕೆಯೊಂದು ಹೊಳೆಯಿತು. ಎರಡೂ ಕಿವಿಗಳ ಬಳಿ ಇನ್ನೆರಡು.

ಇಳಾ ಬೆಲ್ಟಿನಿಂದ ತನ್ನ ಬ್ಯಾಡ್ಜ್ ಬಿಚ್ಚಿ ಟಾರ್ಚಿನ ಕೆಳಗೆ ಹಿಡಿದಳು. ಅದರ ಅಂಚೂ ಅದೇ ಬಣ್ಣಕ್ಕೆ ಬೆಳಗಿತು. ಅಕ್ಟೋಬರಿನ ಆಯುಧಪೂಜೆಗೆ ಅಮ್ಮ ಅವಳ ಬ್ಯಾಡ್ಜಿಗೂ ಕಾರಿಗೂ ಅರಿಶಿನ ಕುಂಕುಮ ಹಚ್ಚುತ್ತಾಳೆ. ಒರೆಸಿದರೂ ಪೂರ್ತಿ ಹೋಗಿರಲಿಲ್ಲ. ಸಾಕ್ಷ್ಯದ ಕೋಣೆಯ ಇಂಥದೇ ದೀಪದಲ್ಲಿ ಅದು ಹೊಳೆದದ್ದಕ್ಕೆ ಕೊವಾಲ್ಸ್ಕಿ ವಾರವಿಡೀ ಗೇಲಿ ಮಾಡಿದ್ದ. ಈಗ ಅವನೂ ಬಗ್ಗಿ ನೋಡಿದ.

"ಅರಿಶಿನ," ಎಂದಳು ಇಳಾ. "ಇದನ್ನ ಮಾಡಿದವರು ನಮ್ಮ ಕಡೆಯವರೇ, ಮಾಡಿ ಮುಗಿಸಿ ಪೂಜೆ ಮಾಡಿದಾರೆ. ಈ ಹೊಳಪಿನ ವಿಷಯ ಯಾರಿಗೆ ಹೇಳಿದ್ರಿ?"

"ಯಾರಿಗೂ ಇಲ್ಲ. ರಿಟೈರಾಗಿ ನಮ್ಮ ಪಕ್ಕದ ಬೀದೀಲಿರೋ ವೆಂಕಟರಾಮು ಅಂಕಲ್‌ಗೆ ಮಾತ್ರ, ಮನೆಯವರ ಹಾಗೇ ಅವರು. ಥ್ಯಾಂಕ್ಸ್‌ಗಿವಿಂಗ್ ಹಿಂದಿನ ದಿನ, ಫೋನಲ್ಲಿ. ಹಳೇ ಎಣ್ಣೆ ಇರತ್ತೆ, ಬಿಟ್ಬಿಡಮ್ಮ ಅಂದ್ರು."

"ಅವರಿಗೆ ಲೋಹದ ಕೆಲಸ ಗೊತ್ತಾ?"

"ಡೆಟ್ರಾಯಿಟ್ ಹತ್ರ ಕಾರ್ ಫ್ಯಾಕ್ಟರಿಗಳಿಗೆ ಮೂವತ್ತನಾಲ್ಕು ವರ್ಷ ಅಚ್ಚು ಮಾಡಿದವರು. ಕನ್ನಡ ಸಂಘದ ನಾಟಕಕ್ಕೆ ಕಿರೀಟ, ಕತ್ತಿ ಎಲ್ಲಾ ಅವರೇ..." ಪದ್ಮಜಾ ಗಡಿಯಾರ ನೋಡಿದಳು. "ಇವತ್ತು ಬುಧವಾರ. ಬುಧವಾರ ತನ್ಮಯೀನ ಸ್ಕೂಲಿಂದ ಪಿಕಪ್ ಮಾಡೋದು ಅಂಕಲ್."

ಗಂಟೆ ಮೂರೂ ಇಪ್ಪತ್ತು. ಕೊವಾಲ್ಸ್ಕಿ ಶಾಲೆಗೆ ಫೋನ್ ಮಾಡಿದ. ಮೂರೂ ಐದಕ್ಕೇ ಮಗು ಹೋಗಿಯಾಗಿತ್ತು. ಕರೆದೊಯ್ಯಬಹುದಾದವರ ಪಟ್ಟಿಯಲ್ಲಿ ಹೆಸರಿದ್ದ ಅಜ್ಜನ ಜೊತೆ ಕಳಿಸಿದ್ದರು, ಅವರ ತಪ್ಪೇನೂ ಇರಲಿಲ್ಲ. ಅಂಕಲ್ ಫೋನ್ ಎತ್ತಲಿಲ್ಲ.

ವೆಸ್ಟ್‌ಮಂಟಿಗೆ ಹದಿನಾಲ್ಕು ನಿಮಿಷದ ದಾರಿ. ಹಿಂದಿನ ಸೀಟಿನಲ್ಲಿ ಪದ್ಮಜಾ ಮತ್ತೆ ಮತ್ತೆ ಅಂಕಲ್ ನಂಬರಿಗೆ ಫೋನ್ ಮಾಡುತ್ತಿದ್ದಳು. ಇಳಾಳಿಗೆ ಭಯವಾಗಿತ್ತು. ಸಿಕ್ಕಿಬೀಳುತ್ತೇನೆಂದು ತಿಳಿದವನು ಏನು ಬೇಕಾದರೂ ಮಾಡಬಹುದು, ಅವನು ಎಷ್ಟೇ ಸಾಧುವಾಗಿದ್ದರೂ.

ಮೂರೂ ನಲವತ್ತಕ್ಕೆ ವೆಂಕಟರಾಮುವಿನ ಮನೆ ಮುಟ್ಟಿದರು. ಗರಾಜಿನ ಬಾಗಿಲು ಅರ್ಧ ಎದ್ದಿತ್ತು. ಇಳಾ ಪಿಸ್ತೂಲಿನ ಮೇಲೆ ಕೈಯಿಟ್ಟು ಬಗ್ಗಿ ಒಳಗೆ ನುಗ್ಗಿದಳು.

ಎದುರಿಗೆ ಸ್ಟೂಲಿನ ಮೇಲೆ ಆ ಮುಖ ಕೂತಿತ್ತು. ಕೊಕ್ಕೆ ಮೂಗು, ಮೀಸೆ, ಕಿಸಿದ ಹಲ್ಲು. ಅದರ ಕೆಳಗೆ ಗುಲಾಬಿ ಜಾಕೆಟ್ಟು, ನೆಲ ಮುಟ್ಟದ ಎರಡು ಪುಟ್ಟ ಬೂಟು. ಮೈ ಕದಲುತ್ತಿರಲಿಲ್ಲ.

"ತನ್ಮಯೀ!" ಪದ್ಮಜಾ ಕಿರುಚಿದಳು.

ಕಬ್ಬಿಣದ ಒಳಗಿನಿಂದ ಸಣ್ಣ ದನಿ ಬಂತು. "ಮಾಮ್, ಐ ಕಾಂಟ್ ಗೆಟ್ ಇಟ್ ಆಫ್."

ಎಪ್ಪತ್ತನಾಲ್ಕರ ವೆಂಕಟರಾಮು ಪಕ್ಕದಲ್ಲೇ ಇಕ್ಕಳ ಹಿಡಿದು ನಿಂತಿದ್ದ. ಹಣೆಯೆಲ್ಲ ಬೆವರು. "ಕೊಂಡಿ ಸಿಕ್ಕಾಕೊಂಡಿದೆ. ಆಟದ ಸಾಮಾನು ಅಷ್ಟೇ, ಹೆದರ್ಬೇಡ ಅಂತ ತೋರಿಸೋಕೆ ಹಾಕ್ದೆ. ಮಗು ಹೆದರಿದೆ ಅಂತ ಇವತ್ತೇ ಗೊತ್ತಾಗಿದ್ದು."

"ಇಕ್ಕಳ ಕೆಳಗಿಡಿ. ಹಿಂದೆ ಸರೀರಿ."

ಕೊಂಡಿ ಬಿಡಿಸಲು ಕೊವಾಲ್ಸ್ಕಿಗೆ ನಾಲ್ಕು ನಿಮಿಷ ಹಿಡಿಯಿತು. ಹೆಲ್ಮೆಟ್ ಎತ್ತಿದಾಗ ಮಗುವಿನ ಮುಖ ಪೂರ್ತಿ ಒದ್ದೆಯಾಗಿತ್ತು. ಪದ್ಮಜಾ ಅವಳನ್ನು ಬಾಚಿಕೊಂಡು ಗರಾಜಿನಿಂದ ಆಚೆ ಹೋದಳು, ಅಂಕಲ್ ಕಡೆ ತಿರುಗಿಯೂ ನೋಡಲಿಲ್ಲ.

ಮೂರೂ ಐವತ್ತೆರಡಕ್ಕೆ ಬಂಧನ. ಹೆಲ್ಮೆಟ್, ಸುತ್ತಿಗೆಗಳು, ಪ್ರಿಂಟರ್, ಎಲ್ಲವನ್ನೂ ಪಟ್ಟಿ ಮಾಡಿ ಸೀಲು ಹಾಕಿದರು. ನಮ್ಮ ಊರಲ್ಲಾದರೆ ಪಂಚನಾಮೆ ಅನ್ನುತ್ತಿದ್ದೆವು. ಠಾಣೆಯಲ್ಲಿ, ವಕೀಲರು ಬರಲಿ ಎಂದರೂ ಕೇಳದೆ ಮುದುಕ ಹೇಳಿಕೆ ಕೊಟ್ಟ.

"ಮೂವತ್ತನಾಲ್ಕು ವರ್ಷ ಕಾರಿನ ಬಾಗಿಲಿಗೆ ಅಚ್ಚು ಹೊಡ್ದೆ. ಒಂದರ ಮೇಲೂ ಯಾರ ಹೆಸರೂ ಇರಲ್ಲ. ಈ ಹೆಲ್ಮೆಟ್ ಜೋಡಿ ಮಾಡಿ ಒಂದನ್ನ ಹೆಸರು ಹೇಳದೆ ಕಳಿಸ್ದೆ. ಅದನ್ನ ಗಾಜಿನೊಳಗೆ ಇಟ್ರು ನೋಡಿ, ಪ್ರತಿ ಭಾನುವಾರ ಹೋಗಿ ಜನದ ಹಿಂದೆ ನಿಂತ್ಕೋತಿದ್ದೆ. ಎಂಥ ಕೈ ಇರ್ಬೇಕು ಅಂತಿದ್ರು. ಪದ್ಮಜಾ ನಕಲಿ ಅಂತ ಬರೆದ್ರೆ ಅದನ್ನ ಗೋಡೌನಿಗೆ ಹಾಕ್ತಾರೆ."

"ಅದಕ್ಕೆ ಅವರನ್ನ ಹೆದರಿಸಿದ್ರಾ?"

"ಅವಳನ್ನ ಮಾತ್ರ. ಮಗೂನ ಅಲ್ಲ."

ಶುಕ್ರವಾರ ಪದ್ಮಜಾಳ ವರದಿ ಬಂತು. ಇಳಾ ಅದರ ಒಂದು ಪ್ರತಿಯನ್ನು ಸೆಲ್ಲಿನ ಕಂಬಿಯೊಳಗೆ ತೂರಿಸಿದಳು. ಕಾಲ: ಇಪ್ಪತ್ತೊಂದನೇ ಶತಮಾನ. ಕೆಲಸಗಾರಿಕೆ: ಅಸಾಧಾರಣ. ತಯಾರಕರು: ವೆಂಕಟರಾಮು, ವೆಸ್ಟ್‌ಮಂಟ್.

ಅವನು ಕನ್ನಡಕ ಹಾಕಿಕೊಂಡು ಕೊನೆಯ ಸಾಲನ್ನು ಎರಡು ಸಲ ಓದಿದ. ಆಮೇಲೆ ಕೇಳಿದ, "ಮಗು ಹೇಗಿದೆ?"

"ಯಾವ ಅಂಕಲ್ ಮನೆಗೆ ಬಂದ್ರೂ ಅಮ್ಮನ ಹಿಂದೆ ಬಚ್ಚಿಟ್ಕೋತಾಳೆ," ಎಂದಳು ಇಳಾ.

ವೆಂಕಟರಾಮು ತನ್ನ ಹೆಸರಿದ್ದ ಕಾಗದವನ್ನು ನಾಲ್ಕಾಗಿ ಮಡಿಸಿ ಕಂಬಿಯಿಂದಾಚೆಗೆ ವಾಪಸ್ಸು ಕೊಟ್ಟ.